ಹಳೆ ಕ್ಯಾರವಾನ್ ಕೊಳ್ಳುವವರು ಮೊದಲು ಅಡಿಯಲ್ಲಿ ಮಲಗಿ ನೋಡಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಅದನ್ನೇ ಕ್ಯಾರವಾನ್, ಅಂದರೆ ಓಡಾಡುವ ಮನೆ, ಮಾಡಿಕೊಂಡು ಊರೂರು ಸುತ್ತುತ್ತಿರುವ ದಂಪತಿಯ ಬಗ್ಗೆ ಬಂದ ಲೇಖನ ಓದಿದೆ. ಮಡಚುವ ಮಂಚ, ಎರಡು ಒಲೆಯ ಗ್ಯಾಸು, ಕಿಟಕಿಗೆ ಹೂವಿನ ಪರದೆ, ತಲೆ ಮೇಲೆ ಸೋಲಾರ್ ಪ್ಯಾನೆಲ್ಲು. ಫೋಟೊ ಎಲ್ಲ ಒಳಗಿನವೇ. ತುಕ್ಕು ಹಿಡಿಯುವ ಅಡಿಬದಿಯದು ಒಂದೂ ಇಲ್ಲ. ಕೊಳ್ಳುವ ವಿಚಾರ ಒಂದೇ ವಾಕ್ಯದಲ್ಲಿ ಮುಗಿದಿತ್ತು: ಎಂಜಿನ್ ಮೆಕ್ಯಾನಿಕ್‌ಗೆ ತೋರಿಸಿದೆವು, ಕಂಡೀಷನ್ ಇದೆ ಅಂದರು.

ನಾನು ಕೋಟೇಶ್ವರದ ಕಡೆ ಹೆದ್ದಾರಿ ಪಕ್ಕ ಟಿಂಕರಿಂಗ್ ಶೆಡ್ ಇಟ್ಟುಕೊಂಡವನು. ತಗಡು ಕತ್ತರಿಸುವುದು, ಬೆಸೆಯುವುದು, ಬಡಿದು ಸರಿ ಮಾಡುವುದು ನನ್ನ ಕೆಲಸ. ಲೇಖನ ಬಂದ ಮೇಲೆ ಪರಿಚಯದ ಹುಡುಗರು ಕೆಲವರು "ನಾವೂ ಒಂದು ತೆಗೆದುಕೊಳ್ಳುವ ಅಂತ" ಎಂದು ಫೋನ್ ಮಾಡಿದ್ದಾರೆ. ಅವರಿಗೆ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದರೆ ಬೇರೆಯವರಿಗೂ ತಲುಪೀತು ಎಂದು ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಕತ್ತರಿಸುವುದಾದರೂ ಕೊನೆಯ ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಎಂಜಿನ್ ಕೆಟ್ಟರೆ ಇಳಿಸಿ ಬೋರ್ ಮಾಡಿಸಬಹುದು, ಇಲ್ಲವೇ ಬೇರೆ ಎಂಜಿನ್ ಕೂರಿಸಬಹುದು. ಗೇರ್‌ಬಾಕ್ಸ್, ಕ್ಲಚ್, ಟೈರು ಎಲ್ಲಕ್ಕೂ ಅಂಗಡಿಯಲ್ಲಿ ಒಂದು ರೇಟು ಇದೆ. ಗಾಡಿಯ ಬಾಡಿ ತುಕ್ಕು ಹಿಡಿದರೆ ಹಾಗಲ್ಲ. ಎಷ್ಟು ಖರ್ಚು ಎಂದು ಬಿಚ್ಚುವವರೆಗೆ ನನಗೂ ಗೊತ್ತಾಗುವುದಿಲ್ಲ. ಕ್ಯಾರವಾನ್ ಮಾಡಿದ ಗಾಡಿಯಲ್ಲಂತೂ ತಗಡು ಮುಟ್ಟಬೇಕಾದರೆ ಮೊದಲು ಮಂಚ, ಕಪಾಟು, ಪ್ಲೈವುಡ್, ವೈರಿಂಗು ಎಲ್ಲ ಹೊರಗೆ ಬರಬೇಕು. ಆ ಮರದ ಕೆಲಸಕ್ಕೆ ಕೊಟ್ಟ ದುಡ್ಡು ಅಲ್ಲಿಗೆ ನೀರುಪಾಲು.

ಮೊದಲು ಕೇಳಬೇಕಾದ್ದು ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂದಲ್ಲ, ಎಲ್ಲಿ ನಿಂತಿತ್ತು ಎಂದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಗಾಳಿ ಎದ್ದ ದಿನ ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದರೆ ಗಾಜಿನ ಮೇಲೆ ಬೆರಳಲ್ಲಿ ಗೀರಿದ ಗೆರೆ ಕಾಣುತ್ತದೆ, ನಾಲಿಗೆಗೆ ಹಚ್ಚಿದರೆ ಉಪ್ಪು. ಅಂಥ ಕಡೆ ವರ್ಷಾನುಗಟ್ಟಲೆ ರಾತ್ರಿ ನಿಂತ ಗಾಡಿಗೂ ಚಿತ್ರದುರ್ಗದಲ್ಲಿ ನಿಂತ ಗಾಡಿಗೂ ಹೋಲಿಕೆಯೇ ಇಲ್ಲ. ಮಲೆನಾಡಿನ ಮಳೆ ಇಲ್ಲಿಗಿಂತ ಜೋರು, ಆದರೆ ಅದು ಸಿಹಿನೀರು. ಕೆಸರು ಸಿಕ್ಕಿಕೊಂಡ ಕಡೆ ಬಿಟ್ಟರೆ ಉಪ್ಪಿನಷ್ಟು ಬೇಗ ತಿನ್ನುವುದಿಲ್ಲ. ಎಲ್ಲಕ್ಕಿಂತ ಕೆಟ್ಟದು ಮೀನು ಸಾಗಿಸಿದ ಗಾಡಿ. ಮಂಜುಗಡ್ಡೆ ಕರಗಿದ ಉಪ್ಪುನೀರು ಫ್ಲೋರಿನ ಸಂದಿಯಲ್ಲಿ ಇಳಿದರೆ ಮೇಲಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಮೀನಿನ ವಾಸನೆ ಹೋಗಲು ಫಿನಾಯಿಲ್ ಹಾಕುತ್ತಾರೆ, ಕರ್ಪೂರ ಇಡುತ್ತಾರೆ, ಆಮೇಲೆ ಮೇಲೊಂದು ಹೊಸ ಮ್ಯಾಟ್ ಹಾಸುತ್ತಾರೆ.

ನಂಬರ್ ಪ್ಲೇಟ್ ನೋಡಿ ತೀರ್ಮಾನ ಮಾಡಬೇಡಿ. ಕೆಎ 20 ಉಡುಪಿಯದ್ದು, ಕೆಎ 34 ಬಳ್ಳಾರಿಯದ್ದು ನಿಜ. ಆದರೆ ಬಳ್ಳಾರಿಯಲ್ಲಿ ರಿಜಿಸ್ಟರ್ ಆದ ಗಾಡಿ ಎರಡನೇ ಮಾಲೀಕನ ಕೈಯಲ್ಲಿ ಮಲ್ಪೆಯಲ್ಲೇ ಇದ್ದಿರಬಹುದು. ಇನ್ಶುರೆನ್ಸ್ ಕಾಗದದಲ್ಲಿ ಮಾಲೀಕನ ವಿಳಾಸ ಇರುತ್ತದೆ, ಸರ್ವಿಸ್ ಬಿಲ್‌ಗಳಲ್ಲಿ ಊರಿನ ಹೆಸರು ಇರುತ್ತದೆ, ಅದನ್ನು ಕೇಳಿ ತೆಗೆದು ನೋಡಿ. ಬಳ್ಳಾರಿಯ ಮಾತು ಬಂತಲ್ಲ, ಸಂಡೂರು, ಹೊಸಪೇಟೆ ಕಡೆ ಓಡಿದ ಗಾಡಿಯ ಅಡಿ ಅದಿರಿನ ಧೂಳಿಗೆ ಇಡೀ ಕೆಂಪಾಗಿರುತ್ತದೆ. ಅದನ್ನು ಕಂಡು ಹೆದರಿ ಒಳ್ಳೆಯ ಗಾಡಿ ಬಿಟ್ಟು ಬಂದವರಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಂಪೆಲ್ಲ ಬಟ್ಟೆಗೆ ಬಂದು ಅಡಿಯಲ್ಲಿ ಪೇಂಟ್ ಕಂಡರೆ ಅದು ಧೂಳು ಮಾತ್ರ.

ತುಕ್ಕು ಎಂದರೆ ಎಲ್ಲವೂ ಒಂದೇ ಅಲ್ಲ. ಬರೇ ಮೇಲ್ಮೈ ಕಂದಾಗಿದ್ದರೆ, ವೈರ್ ಬ್ರಷ್‌ನಲ್ಲಿ ಉಜ್ಜಿದಾಗ ಬೆಳ್ಳಗೆ ಲೋಹ ಹೊಳೆದರೆ, ಅದು ಚಿಂತೆಯ ವಿಷಯವೇ ಅಲ್ಲ. ಹಳೆಯ ಗಾಡಿಯ ಆಕ್ಸಲ್ ಮೇಲೆ, ಸೈಲೆನ್ಸರ್ ಪೈಪಿನ ಮೇಲೆ ಇದ್ದೇ ಇರುತ್ತದೆ. ಎರಡನೆಯದು ಹಪ್ಪಳದ ಹಾಗೆ ಪದರ ಪದರವಾಗಿ ಏಳುವ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಎರಡು ತಗಡು ಕೂಡಿಸಿ ಬೆಸೆದ ಕಡೆ ಸಂದಿ ಉಬ್ಬಿ ಬಾಯಿ ಬಿಡುತ್ತದೆ. ಒಂದು ಪದರ ಕೈಯಲ್ಲಿ ಕಿತ್ತು ಬಂತೆಂದರೆ ಒಳಗೆ ಎಷ್ಟು ಉಳಿದಿದೆ ಎಂದು ತಟ್ಟಿ ನೋಡಬೇಕು. ಮೂರನೆಯದು ತೂತು. ತೂತು ಕಂಡರೆ ಲೆಕ್ಕ ಸುಲಭ. ಮುಚ್ಚಿದ ತೂತು ಹುಡುಕುವುದೇ ಕಷ್ಟದ ಕೆಲಸ.

ಮಾರುವ ಮೊದಲು ಗಾಡಿಗೆ "ಸೇಲ್ ಕೆಲಸ" ಎಂದು ಒಂದು ಇದೆ. ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಬ್ರೋಕರ್ ಬಂದು "ಜಾಸ್ತಿ ಕೈ ಹಾಕಬೇಡಿ, ಚಂದ ಕಾಣುವ ಹಾಗೆ ಮಾಡಿಕೊಡಿ" ಎನ್ನುತ್ತಾನೆ. ಅಂದರೆ ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಯಬೇಡಿ, ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆಯಿರಿ ಎಂದು. ಅಡಿಗೆ ಕಪ್ಪು ಡಾಂಬರು ಬಣ್ಣ. ಹತ್ತು ಹನ್ನೆರಡು ವರ್ಷದ ಗಾಡಿಯ ಅಡಿ ಹೊಸ ಬಾಣಲೆಯಂತೆ ಕಪ್ಪಗೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಯಾವಾಗ ಹೊಡೆಸಿದ್ದು, ಹೊಡೆಸುವ ಮೊದಲು ತೆಗೆದ ಫೋಟೊ ಇದೆಯಾ ಎಂದು ಕೇಳಿ. ತುಕ್ಕಿನ ಮೇಲೆ ಬಳಿದ ಅಂಡರ್‌ಕೋಟಿಂಗ್ ಒಳಗಿನ ತೇವವನ್ನು ಹೊರಬಿಡುವುದಿಲ್ಲ. ಅದರಡಿ ತುಕ್ಕು ಇನ್ನೂ ಬೇಗ ಬೆಳೆಯುತ್ತದೆ.

ಹಿಂದೊಮ್ಮೆ ಬೆಂಗಳೂರಿನ ಇಬ್ಬರು ಹುಡುಗರು ತಾವು ಕೊಂಡ ಕ್ಯಾರವಾನ್ ತಂದು ನಿಲ್ಲಿಸಿದರು. ಗೋಕರ್ಣಕ್ಕೆ ಹೊರಟಿದ್ದರು, ಹಿಂದಿನ ಬಾಗಿಲು ಸರಿ ಮುಚ್ಚುವುದಿಲ್ಲ ಎಂಬುದು ದೂರು. ಹಿಂಜಿಗೆ ವಾಷರ್ ಹಾಕಿದರೆ ಆಯಿತು ಎಂದುಕೊಂಡಿದ್ದರು. ನಾನು ಬಾಗಿಲು ಬಿಟ್ಟು ಅಡಿಗೆ ಬಗ್ಗಿದೆ. ಹಿಂದಿನ ಚಕ್ರದ ಮುಂದೆ ಬಾಡಿಯ ಉದ್ದಕ್ಕೂ ಹೋಗುವ ಪೆಟ್ಟಿಗೆ ಆಕಾರದ ಪಟ್ಟಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮುಂದೆ ಠಣ್ ಠಣ್ ಎನ್ನುತ್ತಿದ್ದುದು ಒಂದು ಕಡೆ ಬಂದು ಠಪ್ ಎಂದಿತು. ಆಯಸ್ಕಾಂತ ಹಿಡಿದೆ, ಜಾರಿ ಕೆಳಗೆ ಬಿತ್ತು. ಮಾಲೀಕರನ್ನೇ ಕೂರಿಸಿಕೊಂಡು ಅಲ್ಲಿ ಮೆಲ್ಲಗೆ ಕೆರೆದೆ. ಕಪ್ಪು ಬಣ್ಣ ಬಂತು, ಅದರಡಿ ಪುಟ್ಟಿ ಬಂತು, ಅದರಡಿ ಫೈಬರ್ ಬಟ್ಟೆ, ಅದರ ಹಿಂದೆ ಉಂಡೆ ಮಾಡಿ ತುರುಕಿದ ಪೇಪರ್. ಬಿಡಿಸಿದರೆ ಕನ್ನಡ ಪತ್ರಿಕೆ, ಅದೂ ವಾಚಕರ ವಾಣಿ ಪುಟ. ಹೇಳಲು ಸಂಕೋಚ, ಆದರೆ ಅದು ನಿಮ್ಮದೇ ಪತ್ರಿಕೆ. ಅಕ್ಷರ ಇನ್ನೂ ಓದಲು ಬರುತ್ತಿತ್ತು, ಗಾಡಿಯ ತಗಡು ಅಲ್ಲಿ ಉಳಿದಿರಲಿಲ್ಲ. ಬಾಗಿಲು ಕೂರದಿದ್ದುದು ಹಿಂಜಿನಿಂದಲ್ಲ, ಹಿಂಭಾಗವೇ ಒಂದು ಬದಿಗೆ ಇಳಿದಿತ್ತು.

ಆ ಹುಡುಗರಲ್ಲಿ ಒಬ್ಬ ಕೇಳಿದ್ದು, "ಒಳಗೆಲ್ಲ ಇಷ್ಟು ಚೆನ್ನಾಗಿದೆಯಲ್ಲಾ ಅಂಕಲ್?" ನನ್ನ ಹೆಲ್ಪರ್ ಕುಂದಾಪ್ರದವನು, "ಒಳ್ಗ್ ಚಂದ ಮಾಡುಕೆ ಎಂತ ಬೇಕ್ ಮಾರಾಯ್ರೆ, ಎರಡ್ ದಿನದ್ ಕೆಲ್ಸ" ಎಂದುಬಿಟ್ಟ. ಕಟುವಾಗಿತ್ತು, ಸುಳ್ಳಲ್ಲ.

ಹಳೆಯ ಟೂರಿಸ್ಟ್ ಗಾಡಿಗಿಂತ ಕ್ಯಾರವಾನ್ ಆದ ಗಾಡಿಯನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು ಎನ್ನಲು ಕಾರಣ ಇದೆ. ಅದಕ್ಕೆ ತುಕ್ಕು ಒಳಗಿಂದಲೂ ಬರುತ್ತದೆ. ತಗಡಿಗೆ ಥರ್ಮೋಕೋಲೋ ಗ್ಲಾಸ್‌ವುಲ್ಲೋ ತಾಗಿಸಿ ಮೇಲೆ ಪ್ಲೈ ಹೊಡೆದಿರುತ್ತಾರೆ. ಚಿಕ್ಕಮಗಳೂರಿನ ಚಳಿಯಲ್ಲಿ ಬಾಗಿಲು ಮುಚ್ಚಿ ನಾಲ್ಕು ಜನ ಮಲಗಿದರೆ ಉಸಿರಿನ ಆವಿ, ಅನ್ನ ಬೇಯಿಸಿದ ಆವಿ ಎಲ್ಲ ಆ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ. ಪ್ಲೈ ಹಿಂದೆ ಇಳಿದ ನೀರು ಕೆಳಗಿನ ಪಟ್ಟಿಯೊಳಗೆ ನಿಲ್ಲುತ್ತದೆ. ನೀರು ಹೊರಹೋಗಲೆಂದು ಕಂಪನಿಯವರು ಅಡಿಯಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಅವು ಥರ್ಮೋಕೋಲ್ ಚೂರಿನಿಂದಲೋ ಕೆಸರಿನಿಂದಲೋ ಕಟ್ಟಿಹೋಗಿರುತ್ತವೆ. ಒಂದು ತಂತಿ ಹಾಕಿ ನೋಡಿ. ಕಂದು ನೀರು ಸುರಿದರೆ ಒಳಗಿನ ಸ್ಥಿತಿ ಅರ್ಥವಾಗುತ್ತದೆ. ಹೊರಗೆ ಪೇಂಟ್ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಮುಗಿದಿರುತ್ತದೆ.

ತಾರಸಿಯ ವಿಷಯ ಬೇರೆಯೇ. ಸೋಲಾರ್ ಪ್ಯಾನೆಲ್, ಕ್ಯಾರಿಯರ್, ಗಾಳಿ ಕಿಂಡಿ, ಎ.ಸಿ. ಎಂದು ಎಷ್ಟು ತೂತು ಕೊರೆದಿದ್ದಾರೋ ಅಷ್ಟು ಕಡೆ ನೋಡಬೇಕು. ಕೊರೆದ ಅಂಚಿಗೆ ಪ್ರೈಮರ್ ಹಚ್ಚದೆ ಬರೇ ಸಿಲಿಕೋನ್ ತುಂಬಿಸಿರುತ್ತಾರೆ. ಕೊರೆದಾಗ ಬಿದ್ದ ಕಬ್ಬಿಣದ ಪುಡಿ ಗುಡಿಸದೆ ಬಿಟ್ಟರೆ ಮೊದಲ ಮಳೆಗೇ ಬಿಳಿ ಪೇಂಟ್ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಏಣಿ ತೆಗೆದುಕೊಂಡು ಹೋಗಿ ಹತ್ತಿ ನೋಡಿ. ಆಮೇಲೆ ಮುಂದಿನ ಗಾಜಿನ ರಬ್ಬರ್ ಬೀಡಿಂಗನ್ನು ಕೆಳಗಿನ ಎರಡು ಮೂಲೆಯಲ್ಲಿ ಬೆರಳಿನಿಂದ ಸ್ವಲ್ಪ ಎತ್ತಿ. ಅಲ್ಲಿ ತುಕ್ಕು ತಿಂದಿದ್ದರೆ ನೀರು ಡ್ಯಾಶ್‌ಬೋರ್ಡ್ ಒಳಗೆ ಇಳಿದು ಫ್ಯೂಸ್ ಪೆಟ್ಟಿಗೆಗೂ ಹೋಗಿರುತ್ತದೆ. ಒಳಗೆ ನೀರಿನ ಟ್ಯಾಂಕ್ ಕೂರಿಸಿದ ಕಡೆ, ಸ್ನಾನದ ಮೂಲೆ, ಮಂಚದಡಿ ಇನ್ವರ್ಟರ್ ಬ್ಯಾಟರಿ ಇಟ್ಟ ಕಡೆ ಮ್ಯಾಟ್ ಎತ್ತಿಸಿ. ಆ್ಯಸಿಡ್ ಚೆಲ್ಲಿದ ಕಡೆ ಫ್ಲೋರ್ ಉಪ್ಪಿಗಿಂತ ಬೇಗ ಹೋಗುತ್ತದೆ. ಕಪಾಟುಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆ, ತೆಗೆಯಲಾಗದು ಎಂದರೆ ಕೊನೆಪಕ್ಷ ಅದರ ಅಡಿಭಾಗವನ್ನು ಹೊರಗಿನಿಂದ ನೋಡಿ.

ಎಲ್ಲಿಯ ತುಕ್ಕು ಕ್ಷಮಿಸಬಹುದು, ಎಲ್ಲಿಯದು ಬೇಡ ಎನ್ನುವುದು ಮುಖ್ಯ. ಬಾಗಿಲಿನ ಕೆಳಅಂಚು, ಮಡ್‌ಗಾರ್ಡು, ಫೂಟ್‌ಬೋರ್ಡು ಹೋಗಿದ್ದರೆ ರೇಟು ಇಳಿಸಿ ಕೊಳ್ಳಿ. 18 ಅಥವಾ 20 ಗೇಜ್ ತಗಡು ಹಾಕಿ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಸ್ಪ್ರಿಂಗ್ ಪ್ಲೇಟಿನ ತುದಿ ಚಾಸಿಗೆ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ) ಸೇರುವ ಹ್ಯಾಂಗರ್ ಬ್ರಾಕೆಟ್, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟ್ ಇರುವ ಕಡೆ, ಡೀಸೆಲ್ ಟ್ಯಾಂಕನ್ನು ಕಟ್ಟಿ ಹಿಡಿದ ಪಟ್ಟಿ, ಬ್ರೇಕ್ ಪೈಪು, ಈ ಜಾಗಗಳಲ್ಲಿ ಪದರ ಏಳುವ ತುಕ್ಕು ಇದ್ದರೆ ಗಾಡಿ ಬೇಡ. ಮಂಚ, ನೀರು, ಬ್ಯಾಟರಿ, ಸಾಮಾನು ಎಂದು ಕ್ಯಾರವಾನ್ ಯಾವಾಗಲೂ ಭಾರದಲ್ಲೇ ಓಡುತ್ತದೆ. ಟೂರಿಸ್ಟ್ ಗಾಡಿ ಪ್ಯಾಸೆಂಜರ್ ಇಳಿದ ಮೇಲಾದರೂ ಹಗುರಾಗುತ್ತದೆ, ಇದಕ್ಕೆ ಆ ಬಿಡುವಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಹ್ಯಾಂಗರ್ ಕಿತ್ತುಬಂದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಹಳೆಯ ಮೋಟಾರ್‌ಹೋಮ್ ಕೊಳ್ಳುವುದು ನಮ್ಮಲ್ಲಿ ಹಳೆಯ ಕಾರು ಕೊಂಡಷ್ಟೇ ಮಾಮೂಲಿ. ಒಂದು ಗಾಡಿ ನೋಡಲು ಹೋದವನು ವಿಡಿಯೊ ಕಾಲ್ ಮಾಡಿ, ಮೊಬೈಲನ್ನು ಅಡಿಗೆ ಹಿಡಿದು "ಮಾವಾ, ಇದು ಹೇಗೆ ಕಾಣ್ತದೆ?" ಎಂದ. ಅವರದ್ದು ಕಡಲ ಉಪ್ಪಲ್ಲ, ಚಳಿಗಾಲದಲ್ಲಿ ಹಿಮ ಕಟ್ಟದಿರಲಿ ಎಂದು ರಸ್ತೆಗೇ ಎರಚುವ ಉಪ್ಪು. ಚಕ್ರಗಳು ಅದನ್ನು ಎತ್ತಿ ಅಡಿಗೆ ಬಡಿಯುತ್ತವೆ. ಮೇಲಿನ ಮನೆ ಭಾಗ ಅಲ್ಯುಮಿನಿಯಂ, ಫೈಬರ್, ಒಳಗೆ ಮರದ ಚೌಕಟ್ಟು. ಅದಕ್ಕೆ ತುಕ್ಕಿಲ್ಲ, ಆದರೆ ನೀರಿಳಿದರೆ ಮರ ಕೊಳೆಯುತ್ತದೆ. ತುಕ್ಕೆಲ್ಲ ಡ್ರೈವರ್ ಕ್ಯಾಬಿನ್ ಮತ್ತು ಚಾಸಿಗೆ. ಹಿಂದಿನ ಸ್ಪ್ರಿಂಗ್ ಕೂರುವ ಕಡೆ ಉಬ್ಬಿದ್ದು ಮೊಬೈಲಿನಲ್ಲೂ ಸ್ಪಷ್ಟವಾಗಿ ಕಂಡಿತು, ಬೇಡ ಎಂದೆ.

ನಾನು ಬೇಡ ಎನ್ನುವ ಮೊದಲೇ ಅವನಿಗೆ ಅರ್ಧ ಗೊತ್ತಿತ್ತು, ಅದು ನನಗೆ ಆಶ್ಚರ್ಯ. ಅಲ್ಲಿ ಮೂರು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ. ಯಾವ ಗಾಡಿಯ ನಂಬರ್ ಹಾಕಿದರೂ ಸರ್ಕಾರದ ವೆಬ್‌ಸೈಟಿನಲ್ಲಿ 2005ರಿಂದ ಈಚಿನ ಅದರ ತಪಾಸಣೆಯ ವಿವರ ಉಚಿತವಾಗಿ ಸಿಗುತ್ತದೆ. ಪಾಸೋ ಫೇಲೋ ಎಂದಷ್ಟೇ ಅಲ್ಲ, ಯಾಕೆ ಫೇಲ್ ಆಯಿತು, ಪಾಸಾದರೂ ಯಾವುದರ ಮೇಲೆ ಕಣ್ಣಿಡಬೇಕು ಎಂದು ತಪಾಸಣೆ ಮಾಡಿದವ ಬರೆದ ಷರಾ ಕೂಡ. ಆ ಗಾಡಿಗೆ ಒಂದು ವರ್ಷ "ಅಡಿಯಲ್ಲಿ ತುಕ್ಕು ಇದೆ" ಎಂದಿತ್ತು, ಮುಂದಿನ ವರ್ಷ ಅದೇ ಜಾಗದ ಹೆಸರು ಬಂದಿತ್ತು, ಆಮೇಲಿನ ವರ್ಷ ಏನೂ ಇಲ್ಲ. ತುಕ್ಕು ತಾನಾಗಿ ವಾಸಿಯಾಗುವುದಿಲ್ಲ, ಮಧ್ಯದಲ್ಲಿ ಯಾರೋ ಬಣ್ಣ ಬಳಿದಿದ್ದರು. ಸಸ್ಪೆನ್ಷನ್, ಸೀಟ್ ಬೆಲ್ಟ್ ಮುಂತಾದವು ಕೂಡುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಬಲಹೀನವಾಗಿದ್ದರೆ ಅಲ್ಲಿ ಫೇಲ್. ಪುಟ್ಟಿ, ಫೈಬರ್ ಅಂಟಿಸಿದ ರಿಪೇರಿ ಒಪ್ಪುವುದಿಲ್ಲ, ತೇಪೆ ಹಾಕಿದರೆ ಸುತ್ತಲೂ ಬಿಡದೆ ವೆಲ್ಡಿಂಗ್ ಇರಬೇಕು. ನಮ್ಮ ಕಸುಬಿನವನಾಗಿ ಹೇಳುತ್ತೇನೆ, ಅದು ಸರಿಯಾದ ನಿಯಮ.

ನಮ್ಮಲ್ಲೂ ತಪಾಸಣೆ ಇಲ್ಲವೆಂದಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ., ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. ಬಿಳಿ ಬೋರ್ಡಿಗೆ ಹದಿನೈದು ವರ್ಷ ತುಂಬುವವರೆಗೆ ಅದೂ ಇಲ್ಲ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಎಫ್.ಸಿ. ಯಾವ ತಾರೀಕಿನವರೆಗೆ ಇದೆ ಎಂದು ಬರುತ್ತದೆ. ಅಷ್ಟೇ. ಇನ್‌ಸ್ಪೆಕ್ಟರ್ ಅಡಿಗೆ ಬಗ್ಗಿ ಏನು ಕಂಡರು, ಹಿಂದಿನ ಸಲ ಯಾಕೆ ವಾಪಸ್ ಕಳಿಸಿದರು ಎಂಬುದು ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಎಫ್.ಸಿ.ಗೆ ಮುಂಚಿನ ವಾರ ನಮ್ಮ ಶೆಡ್ಡುಗಳಲ್ಲಿ ಏನೇನು ನಡೆಯುತ್ತದೆ ಎಂದು ಬರೆದರೆ ನನ್ನ ಸ್ನೇಹಿತರೇ ಬೈಯುತ್ತಾರೆ, ಆದ್ದರಿಂದ ಪುಟ್ಟಿ ಡಬ್ಬಿ ಜಾಸ್ತಿ ಖರ್ಚಾಗುತ್ತದೆ ಎಂದಷ್ಟೇ ಹೇಳುತ್ತೇನೆ.

ಇದರ ಜೊತೆ ಇನ್ನೊಂದು. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್ 124 ಎಂಬ ಮಾನದಂಡ ಇದೆ. ಆರ್.ಸಿ.ಯಲ್ಲಿ ಇನ್ನೂ ಬಸ್ಸು, ವ್ಯಾನು ಎಂದೇ ಇದ್ದು ಒಳಗೆ ಮನೆ ಇದ್ದರೆ ಕಾಗದದ ತೊಂದರೆ ಒಂದೇ ಅಲ್ಲ. ಅಂಥ ಗಾಡಿಗೆ ಕಿಟಕಿ ಕತ್ತರಿಸುವಾಗ ನಡುವಿನ ಕಂಬವನ್ನೂ ಕತ್ತರಿಸಿದ್ದಾರೋ, ಕತ್ತರಿಸಿದ ಅಂಚಿಗೆ ಏನು ಹಚ್ಚಿದ್ದಾರೋ ಯಾರೂ ನೋಡಿರುವುದಿಲ್ಲ. ನಾನು ಕಂಡ ಮಟ್ಟಿಗೆ ಬಾಡಿ ಬೇಗ ಹೋಗಿರುವುದು ಇಂಥ ಗಾಡಿಗಳದ್ದೇ.

ಕೊಳ್ಳಲು ಹೊರಟವರಿಗೆ: ಹಗಲಲ್ಲೇ ಹೋಗಿ, ಮಳೆ ಬಿದ್ದ ಮಾರನೆಯ ದಿನವಾದರೆ ಇನ್ನೂ ಒಳ್ಳೆಯದು, ಮ್ಯಾಟಿನ ಅಡಿ ಒದ್ದೆ ಇದೆಯೇ ಎಂದು ಗೊತ್ತಾಗುತ್ತದೆ. ಹಳೆಯ ಬೆಡ್‌ಶೀಟ್, ಟಾರ್ಚು, ಬಟ್ಟೆ ಸುತ್ತಿದ ಆಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್ ಸಾಕು. ಚುಚ್ಚುವ ಮೊದಲು ಮಾಲೀಕನನ್ನು ಕೇಳಿ, ಅವನ ಆಸ್ತಿ ಅದು. ಅಡಿ ನೋಡಲು ಪಿಟ್ (ಗುಂಡಿ) ಇರುವ ಸರ್ವಿಸ್ ಸ್ಟೇಷನ್ನಿಗೆ ಗಾಡಿ ತರಲು ಒಪ್ಪದಿದ್ದರೆ, ಟೈಮ್ ಇಲ್ಲ, ಇನ್ನೊಂದು ಪಾರ್ಟಿ ಅಡ್ವಾನ್ಸ್ ಕೊಡಲು ಬರುತ್ತಿದೆ ಎಂದರೆ ಆ ಇನ್ನೊಂದು ಪಾರ್ಟಿಯೇ ಕೊಳ್ಳಲಿ ಎಂದು ಬನ್ನಿ. ಗುರುತಿನ ಟಿಂಕರ್ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಅವನ ಒಂದು ದಿನದ ಕೂಲಿ ಕೊಡಿ. ಮೆಕ್ಯಾನಿಕ್ ಎಂಜಿನ್ ಶಬ್ದ ಕೇಳಿ ಹೇಳಿದ್ದು ಎಂಜಿನ್‌ಗೆ ಮಾತ್ರ.

ಸಾರಿಗೆ ಇಲಾಖೆಗೆ ನನ್ನ ಕೇಳಿಕೆ ಒಂದೇ. ಎಫ್.ಸಿ. ಮಾಡುವಾಗ ಇನ್‌ಸ್ಪೆಕ್ಟರ್ ಕಂಡದ್ದನ್ನು, ವಾಪಸ್ ಕಳಿಸಿದ ಕಾರಣವನ್ನು, ಗಾಡಿ ನಂಬರಿನ ಜೊತೆ ಎಲ್ಲರಿಗೂ ಕಾಣುವಂತೆ ಪೋರ್ಟಲ್‌ಗೆ ಹಾಕಲಿ. ಮಾಲೀಕನ ಹೆಸರು, ವಿಳಾಸ ಬೇಡ, ಗಾಡಿಯ ಸ್ಥಿತಿ ಸಾಕು. ಯಂತ್ರದಿಂದ ತಪಾಸಣೆ ಮಾಡುವ ಹೊಸ ಕೇಂದ್ರಗಳು ಬರುತ್ತಿರುವಾಗ ಇದನ್ನು ಸೇರಿಸುವುದು ಕಷ್ಟವಾಗಬಾರದು. ಆಗದು ಎಂದಾದರೆ ಯಾಕೆ ಆಗದು ಎಂದು ಇಲಾಖೆಯವರು ಇದೇ ಅಂಕಣದಲ್ಲಿ ಉತ್ತರ ಬರೆಯಲಿ.

ಇತಿ,
ಹೆದ್ದಾರಿ ಬದಿಯ ಒಬ್ಬ ಟಿಂಕರ್
ಕೋಟೇಶ್ವರ, ಉಡುಪಿ ಜಿಲ್ಲೆ